ತುಪ್ಪದ ಕೋಷ್ಟಕದಲ್ಲಿ ಬೆಳಗಾವಿ

ಆಹಾರ ಕಲಬೆರಕೆ ತಡೆ ಕಾಯ್ದೆ 1954ರಲ್ಲಿ ಬಂತು. ಅದರ ನಿಯಮಗಳಲ್ಲಿ ತುಪ್ಪಕ್ಕೆಂದೇ ಒಂದು ಉದ್ದನೆಯ ಕೋಷ್ಟಕವಿತ್ತು. ಯಾವ ರಾಜ್ಯದ ತುಪ್ಪವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಯಾವ ಅಂಕಿ ಬರಬೇಕು ಎಂದು ಹೇಳುವ ಪಟ್ಟಿ ಅದು. ಹೆಚ್ಚಿನ ರಾಜ್ಯಗಳಿಗೆ ಒಂದೊಂದೇ ಸಾಲು. ಕರ್ನಾಟಕಕ್ಕೆ ಎರಡು: ಬೆಳಗಾವಿ ಜಿಲ್ಲೆಗೊಂದು, ಬೆಳಗಾವಿ ಜಿಲ್ಲೆಯನ್ನು ಬಿಟ್ಟು ಉಳಿದ ಕರ್ನಾಟಕಕ್ಕೊಂದು. ಗಡಿಯ ಕಾರಣಕ್ಕೆ ಬೆಳಗಾವಿಯ ಹೆಸರು ಕಾನೂನಿನ ಕಾಗದಗಳಲ್ಲಿ ಬರುವುದು ನಮಗೆ ಹೊಸದಲ್ಲ. ತುಪ್ಪದ ಕಾರಣಕ್ಕೂ ಅದು ಹೀಗೆ ಬಂದು ಕೂತಿತ್ತು.

ಅದೇ ಕೋಷ್ಟಕದಲ್ಲಿ ಗುಜರಾತ್, ಮಹಾರಾಷ್ಟ್ರಗಳನ್ನೂ ಎರಡಾಗಿ ಒಡೆಯಲಾಗಿತ್ತು. ಅಲ್ಲಿ ಒಡೆದದ್ದು ಹತ್ತಿ ಪ್ರದೇಶ, ಹತ್ತಿಯಲ್ಲದ ಪ್ರದೇಶ ಎಂದು. ಹತ್ತಿ ಪ್ರದೇಶ ಎಂದರೆ ದನಗಳಿಗೆ ಹತ್ತಿಕಾಳನ್ನು ಹೇರಳವಾಗಿ ತಿನ್ನಿಸುವ ಸೀಮೆ ಎಂದು ನಿಯಮವೇ ಅರ್ಥ ಬರೆದಿತ್ತು. ದನದ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿಯಿಸುತ್ತವೆ. ಹಾಗೆ ಹುಟ್ಟಿದ ಚಿಕ್ಕ ಆಮ್ಲಗಳಿಂದಲೇ ಕೆಚ್ಚಲು ಬೆಣ್ಣೆಯ ಒಂದು ಪಾಲನ್ನು ಕಟ್ಟುತ್ತದೆ. ಈ ಪಾಲು ಹಬೆಯೊಡನೆ ಹಾರುವಂಥದು. ಅದನ್ನು ಅಳೆಯುವ ಅಂಕಿಗೆ ರೈಕರ್ಟ್ ಮೌಲ್ಯ ಎಂದು ಹೆಸರು. ಹತ್ತಿಕಾಳಿನ ಎಣ್ಣೆ ಹೊಟ್ಟೆಗೆ ಹೋದಾಗ ಆ ಪಾಲು ತಗ್ಗುತ್ತದೆ, ತುಪ್ಪ ಗಟ್ಟಿಯಾಗುತ್ತದೆ, ಹರಳು ದೊಡ್ಡದಾಗುತ್ತದೆ. ಹತ್ತಿ ಪ್ರದೇಶದ ತುಪ್ಪಕ್ಕೆ ಈ ಅಂಕಿ 21 ಇದ್ದರೆ ಸಾಕು ಎಂದು ನಿಯಮ ಒಪ್ಪಿಕೊಂಡಿತ್ತು. ಬೇರೆ ಕೆಲವು ರಾಜ್ಯಗಳಲ್ಲಿ 28 ಬೇಕಿತ್ತು. ಡಾಲ್ಡಾ ಬೆರೆಸಿದರೂ ಅಂಕಿ ಹೀಗೇ ಇಳಿಯುತ್ತದೆ. ಹಾಗಾಗಿ ಪ್ರತ್ಯೇಕ ಸಾಲು ಇಲ್ಲದಿದ್ದರೆ ಪ್ರಾಮಾಣಿಕವಾಗಿ ಬೆಣ್ಣೆ ಕಾಯಿಸಿದವಳೂ ಕೋರ್ಟಿನ ಮುಂದೆ ಕಲಬೆರಕೆಯವಳಾಗುತ್ತಿದ್ದಳು.

ಆಕಳು ತಿಂದದ್ದು ಹಾಲಿಗೆ ಬರುತ್ತದೆ ಎಂಬುದನ್ನು ಸರ್ಕಾರಿ ಕಾಗದ ಇಷ್ಟು ಸ್ಪಷ್ಟವಾಗಿ ಒಪ್ಪಿಕೊಂಡ ಜಾಗ ನನಗೆ ಇನ್ನೊಂದು ಕಂಡಿಲ್ಲ. ಒಪ್ಪಿಕೊಂಡದ್ದಾದರೂ ಕೊಬ್ಬಿನ ಮಟ್ಟಿಗೆ ಮಾತ್ರ. ಹಾಲಿನಲ್ಲಿ ಕೊಬ್ಬಲ್ಲದೆ ಇರುವ ಅಯೋಡಿನ್, ಎ ಜೀವಸತ್ವ, ಬಿ12, ಸೆಲೆನಿಯಂ ಇವುಗಳಿಗೆ ಅಂಥ ಸಾಲು ಯಾವ ಕೋಷ್ಟಕದಲ್ಲೂ ಬರಲಿಲ್ಲ. ಏಕೆ ಬರಲಿಲ್ಲ ಎಂದು ಹುಡುಕುತ್ತ ಹೋದರೆ ಅಮೆರಿಕದ ವಿಸ್ಕಾನ್ಸಿನ್ನಿನ ಒಬ್ಬ ರಸಾಯನಶಾಸ್ತ್ರಜ್ಞನ ಮುಂದೆ ಹೋಗಿ ನಿಲ್ಲುತ್ತೇವೆ.

ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ ಹಾಲಿನ ಕೊಬ್ಬನ್ನು ಸುಲಭವಾಗಿ ಅಳೆಯುವ ವಿಧಾನ ಕಂಡುಹಿಡಿದ. ಹಾಲಿಗೆ ಗಂಧಕಾಮ್ಲ ಹಾಕಿ ಗಿರ್ರನೆ ತಿರುಗಿಸಿದರೆ ಕೊಬ್ಬು ಕೊಳವೆಯ ಕತ್ತಿಗೆ ಬಂದು ನಿಲ್ಲುತ್ತದೆ. ಅಳತೆಯ ಗೆರೆ ಓದಿದರಾಯಿತು. ಅಲ್ಲಿಯವರೆಗೆ ಹಾಲನ್ನು ತೂಕಕ್ಕೋ ಅಳತೆಗೋ ಕೊಳ್ಳುತ್ತಿದ್ದರು. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ದುಡ್ಡು. ಬ್ಯಾಬ್‌ಕಾಕ್ ತನ್ನ ವಿಧಾನಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟ. ಅದೇ ಸುಮಾರಿಗೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ಇಂಥದೇ ಇನ್ನೊಂದು ವಿಧಾನ ತಂದ. ನಮ್ಮ ಡೇರಿಗಳಿಗೆ ಬಂದದ್ದು ಗರ್ಬರನದು. ಹಳ್ಳಿಯ ಹಾಲಿನ ಸಂಘದಲ್ಲಿ ಇವತ್ತು ಬೆಳಗಾಗುತ್ತಲೇ ಕೇಳುವ 'ಫ್ಯಾಟ್ ಎಷ್ಟು ಬಂತು' ಎಂಬ ಪ್ರಶ್ನೆ ಹುಟ್ಟಿದ್ದು ಆ ವರ್ಷಗಳಲ್ಲಿ.

ಬ್ಯಾಬ್‌ಕಾಕ್‌ನ ಕತೆಯ ಇನ್ನರ್ಧ ನಮ್ಮ ಕಡೆ ಅಷ್ಟು ಪ್ರಚಾರಕ್ಕೆ ಬರಲಿಲ್ಲ. ಅಳತೆಯನ್ನು ಕೊಟ್ಟ ಮನುಷ್ಯನಿಗೇ ಅಳತೆಯ ಮೇಲೆ ಅನುಮಾನವಿತ್ತು. ಮೇವಿನಲ್ಲಿ ಇಷ್ಟು ಪ್ರೋಟೀನು, ಇಷ್ಟು ಕೊಬ್ಬು, ಇಷ್ಟು ಪಿಷ್ಟ ಎಂದು ಬರೆದುಬಿಟ್ಟರೆ ಮೇವಿನ ಗುಣ ಪೂರ್ತಿ ಹೇಳಿದಂತಾಗುತ್ತದೆಯೇ ಎಂದು ಸಹೋದ್ಯೋಗಿಗಳನ್ನು ಕೆಣಕುತ್ತಿದ್ದ. ಕೊನೆಗೆ 1907ರಲ್ಲಿ ಹಾರ್ಟ್, ಮೆಕಾಲಂ, ಸ್ಟೀನ್‌ಬಾಕ್ ಮುಂತಾದ ಕಿರಿಯರು ಆ ಪರೀಕ್ಷೆಗೆ ಇಳಿದರು. ಹದಿನಾರು ಕಡಸುಗಳು, ನಾಲ್ಕು ಗುಂಪು. ಒಂದಕ್ಕೆ ಮೆಕ್ಕೆಜೋಳದ ಗಿಡದಿಂದಲೇ ಬಂದ ಮೇವು, ಒಂದಕ್ಕೆ ಬರೀ ಗೋಧಿಯದು, ಒಂದಕ್ಕೆ ಓಟ್ಸ್, ನಾಲ್ಕನೆಯದಕ್ಕೆ ಮೂರೂ ಬೆರಕೆ. ಕಾಗದದ ಲೆಕ್ಕದಲ್ಲಿ ನಾಲ್ಕೂ ಸಮ. ನಾಲ್ಕು ವರ್ಷದಲ್ಲಿ ಮೆಕ್ಕೆಜೋಳದ ಗುಂಪು ಮೈ ತುಂಬಿಕೊಂಡು ಗಟ್ಟಿಮುಟ್ಟಾದ ಕರು ಹಾಕಿತು. ಗೋಧಿಯ ಗುಂಪು ಬಡಕಲಾಗಿ, ದಿನ ತುಂಬುವ ಮೊದಲೇ ಸತ್ತ ಅಥವಾ ಸಾಯುವಂಥ ಕರುಗಳನ್ನು ಹಾಕಿತು, ಹಾಲೂ ಬಹಳ ಕಡಿಮೆ ಕೊಟ್ಟಿತು. ಅಳತೆಗೆ ಸಿಗದ ಏನೋ ಒಂದು ಮೇವಿನಲ್ಲಿದೆ ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಅದರ ಬೆನ್ನು ಹತ್ತಿದ ಮೆಕಾಲಂ ಮತ್ತು ಮಾರ್ಗರೀಟ್ ಡೇವಿಸ್ 1913ರಲ್ಲಿ ಬೆಣ್ಣೆಯಲ್ಲಿ ಕರಗಿರುವ ಪೋಷಕವೊಂದನ್ನು ವರದಿ ಮಾಡಿದರು. ನಾವಿಂದು ಎ ಜೀವಸತ್ವ ಎನ್ನುವುದು ಅದನ್ನೇ.

ಹೀಗೆ ಒಂದೇ ಊರಿನಿಂದ, ಒಬ್ಬನೇ ಮನುಷ್ಯನ ಆಸುಪಾಸಿನಿಂದ ಎರಡು ಪಾಠ ಹೊರಟವು. ಮೊದಲನೆಯದು ಯಂತ್ರವಾಗಿ ಲೋಕಕ್ಕೆಲ್ಲ ಹೋಯಿತು. ಎರಡನೆಯದು ಕಾಲೇಜಿನ ಪುಸ್ತಕದಲ್ಲಿ ಕೂತಿತು. ಬೆಳಗಾವಿ ಸೀಮೆಯ ಹಾಲಿನ ಚರಿತ್ರೆಯನ್ನು ಈ ಎರಡರ ನಡುವಿನ ಅಂತರದ ಚರಿತ್ರೆ ಎಂದೇ ನಾನು ಓದುತ್ತೇನೆ.

ಬೆಳಗಾವಿ ದಂಡಿನ ಊರು. ದಂಡಿದ್ದಲ್ಲಿ ಹಾಲಿನ ವ್ಯವಸ್ಥೆ ಬೇಕು. ಬ್ರಿಟಿಷ್ ಸೇನೆ ತನ್ನ ಮೊದಲ ಮಿಲಿಟರಿ ಡೇರಿಯನ್ನು 1889ರಲ್ಲಿ ಅಲಹಾಬಾದಿನಲ್ಲಿ ತೆರೆಯಿತು. ಆಮೇಲೆ ಒಂದೊಂದೇ ದಂಡಿನ ಊರಿಗೆ ಅದು ಹಬ್ಬಿತು. ಬೆಳಗಾವಿಗೂ ಬಂತು. ಗೌಳಿಯ ಕೊಟ್ಟಿಗೆಗೂ ಮಿಲಿಟರಿ ಡೇರಿಗೂ ಇದ್ದ ದೊಡ್ಡ ವ್ಯತ್ಯಾಸ ಲೆಕ್ಕದ ಪುಸ್ತಕ. ಯಾವ ಆಕಳಿಗೆ ಎಷ್ಟು ಹಿಂಡಿ, ಎಷ್ಟು ಹುಲ್ಲು, ಎಷ್ಟು ಹಾಲು ಎಂದು ದಿನವೂ ಬರೆಯುವುದು. ಬೆಂಗಳೂರಿನ ಇಂಥದೇ ಮಿಲಿಟರಿ ಡೇರಿಯೊಂದನ್ನು 1923ರಲ್ಲಿ ಸೇನೆಯಿಂದ ಕೃಷಿ ಇಲಾಖೆಗೆ ಬಿಡಿಸಿಕೊಂಡು ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ಮಾಡಿದರು. ಆಡುಗೋಡಿಯ ಆ ಸಂಸ್ಥೆಯಲ್ಲಿ ಎಫ್. ಜೆ. ವಾರ್ತ್ ಎಂಬ ರಸಾಯನಶಾಸ್ತ್ರಜ್ಞ ಈ ದೇಶದ ಒಣಹುಲ್ಲುಗಳನ್ನು ಹಿಡಿದು ಕೂತ. ಯುರೋಪಿನ ಪುಸ್ತಕಗಳಲ್ಲಿ ಇಲ್ಲದ ಮೇವು ಅದು.

ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಎಂದು ಬೆಳಗಾವಿಯ ಶಾಲೆಮಕ್ಕಳಿಗೂ ಗೊತ್ತು. ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ಇವತ್ತಿಗೂ ಉಳಿದಿರುವ ಕಾಂಗ್ರೆಸ್ ಬಾವಿ ಎಲ್ಲ ಗೊತ್ತು. ಅಧಿವೇಶನದ ಬೆನ್ನಿಗೇ ಡಿಸೆಂಬರ್ 28ರಂದು ಅಲ್ಲೇ ಗೋರಕ್ಷಣಾ ಪರಿಷತ್ತು ನಡೆಯಿತು ಎಂಬುದು ಅಷ್ಟು ನೆನಪಿನಲ್ಲಿ ಉಳಿದಿಲ್ಲ. ಅಲ್ಲಿ ನೇಮಿಸಿದ ಸಮಿತಿಯ ಕೆಲಸದಿಂದಲೇ 1925ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಅಖಿಲ ಭಾರತ ಗೋರಕ್ಷಾ ಸಭೆ ಹುಟ್ಟಿತು. ಗಾಂಧಿಯ ಹಟ ಬೇರೆಯವರಿಗಿಂತ ಬೇರೆಯಾಗಿತ್ತು. ಕತ್ತಿಯಿಂದ ಕೊಲ್ಲುವವರ ಮಾತು ಆಮೇಲೆ, ಹಾಲಿನ ಕೊನೆಯ ಹನಿ ಹಿಂಡಿಕೊಂಡು ಮೇವು ಹಾಕದೆ ಕೊಲ್ಲುವವರ ಲೆಕ್ಕ ಮೊದಲು ಆಗಲಿ ಎನ್ನುವ ಧಾಟಿ ಅವರದು. ಗೋಶಾಲೆಗಳು ಒಳ್ಳೆಯ ಡೇರಿಗಳಾಗಬೇಕು, ಸತ್ತ ದನದ ತೊಗಲು ಮೂಳೆಗಳೂ ಉಪಯೋಗಕ್ಕೆ ಬರಬೇಕು ಎಂದರು. ಭಕ್ತರಿಗೆ ಇದು ರುಚಿಸಲಿಲ್ಲ.

ಎರಡು ವರ್ಷ ಕಳೆದು 1927ರ ಮಾರ್ಚ್ ಕೊನೆಗೆ ಕೊಲ್ಹಾಪುರ, ನಿಪ್ಪಾಣಿ ಕಡೆಯ ಪ್ರವಾಸದಲ್ಲಿ ಗಾಂಧಿಯ ದೇಹ ಕುಸಿಯಿತು. ಬೆಳಗಾವಿಗೆ ಕರೆತಂದರು, ಅಂಬೋಲಿಗೆ ಒಯ್ದರು, ಅಲ್ಲಿಂದ ನಂದಿಬೆಟ್ಟ, ಬಳಿಕ ಬೆಂಗಳೂರು. ಸುಧಾರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಅವರು ಆಡುಗೋಡಿಯ ಡೇರಿ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋಗಿ ವಿಲಿಯಂ ಸ್ಮಿತ್ ಎಂಬ ಅಧಿಕಾರಿಯಿಂದ ಹೈನುಗಾರಿಕೆ ಕಲಿತರು. ಮದನಮೋಹನ ಮಾಳವೀಯರೂ ಜೊತೆಗಿದ್ದರು. ಬೆಳಗಾವಿಯ ಪರಿಷತ್ತಿನ ಮಾತು ಆಡುಗೋಡಿಯ ಮೇವಿನ ಲೆಕ್ಕದ ಪುಸ್ತಕವನ್ನು ಮುಟ್ಟಿದ್ದು ಅಲ್ಲಿ. ತಾವು ಮಾತ್ರ ಆಕಳ ಹಾಲನ್ನೂ ಎಮ್ಮೆಯ ಹಾಲನ್ನೂ ಬಿಟ್ಟು ಆಡಿನ ಹಾಲು ಕುಡಿಯುತ್ತಿದ್ದರು ಎಂಬುದನ್ನು ನೆನೆದರೆ ಸಣ್ಣ ನಗು ಬರುತ್ತದೆ.

ಈಗ ಬೆಳಗಾವಿಯಿಂದ ದಕ್ಷಿಣಕ್ಕೆ 25 ಕಿಲೋಮೀಟರು ಹೋಗೋಣ, ಖಾನಾಪುರಕ್ಕೆ. ಕಪ್ಪು ಮಣ್ಣು ಹಿಂದೆ ಉಳಿದು ಕೆಂಪು ಜಂಬಿಟ್ಟಿಗೆ ಶುರುವಾಗುತ್ತದೆ. ಹೆಂಚು, ಮಡಕೆಗಳಿಗೆ ಹೆಸರಾದ ಊರು. ಪಶ್ಚಿಮಕ್ಕೆ ಸರಿದಂತೆ ಮಳೆ ಹುಚ್ಚೆದ್ದು ಹೊಡೆಯುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಈ ತಾಲ್ಲೂಕಿನದು. 2010ರಲ್ಲಿ 10,000 ಮಿಲಿಮೀಟರಿಗಿಂತ ಹೆಚ್ಚು ಮಳೆ ದಾಖಲಿಸಿದ ಅಮಗಾಂವ ಈ ತಾಲ್ಲೂಕಿನದು. ಅದೇ ಜಿಲ್ಲೆಯ ಪೂರ್ವದ ಅಥಣಿಯಲ್ಲಿ ಅದರ ಹತ್ತನೇ ಒಂದು ಪಾಲೂ ಬೀಳುವುದಿಲ್ಲ. ಇಷ್ಟು ಮಳೆ ತೊಳೆದ ಮಣ್ಣು ಹುಳಿಯಾಗುತ್ತದೆ. ಅದರ ಸುಣ್ಣಾಂಶ, ಮೆಗ್ನೀಸಿಯಂ ನೀರಿನ ಜೊತೆ ಹೋಗಿಬಿಡುತ್ತವೆ. ರಂಜಕ ಇದ್ದರೂ ಕಬ್ಬಿಣಕ್ಕೆ ಅಂಟಿಕೊಂಡು ಬೇರಿಗೆ ಸಿಗುವುದಿಲ್ಲ. ಅಲ್ಲಿ ಬೆಳೆಯುವುದು ಭತ್ತ. ಆಕಳು ತಿನ್ನುವುದು ಭತ್ತದ ಹುಲ್ಲು.

ಪೂರ್ವದ ಎರೆನೆಲದಲ್ಲಿ ಮೇವು ಬೇರೆ. ಅಲ್ಲಿ ಜೋಳದ ಕಣಿಕೆ, ಶೇಂಗಾ ಬಳ್ಳಿ, ಕಡಲೆ ಹೊಟ್ಟು. ಆ ಮಣ್ಣಿನಲ್ಲಿ ಸುಣ್ಣದ ಕಲ್ಲೇ ಸಿಗುತ್ತದೆ. ಶೇಂಗಾ ಬಳ್ಳಿಯಲ್ಲಿ ಸುಣ್ಣಾಂಶ ಧಾರಾಳ. ಭತ್ತದ ಹುಲ್ಲು ಮೇವುಗಳಲ್ಲೇ ಬಡವ. ಪ್ರೋಟೀನು ಶೇಕಡಾ 3ರಿಂದ 4, ರಂಜಕ ಬಹಳ ಕಡಿಮೆ, ಹಲ್ಲು ಸವೆಸುವಷ್ಟು ಸಿಲಿಕಾ. ಸುಣ್ಣಾಂಶ ಕಾಗದದಲ್ಲಿ ಒಂದಿಷ್ಟು ಕಾಣುತ್ತದೆ, ದನಕ್ಕೆ ದಕ್ಕುವುದು ಕಮ್ಮಿ. ಹುಲ್ಲಿನಲ್ಲಿರುವ ಆಕ್ಸಲೇಟು ಮತ್ತು ಪೊಟ್ಯಾಸಿಯಂ ಅದನ್ನು ಮೈಗೆ ಹತ್ತಗೊಡುವುದಿಲ್ಲ. ಬಂಗಾಳದಲ್ಲೂ, ಬಳಿಕ ಇಜ್ಜತ್‌ನಗರದಲ್ಲಿ ಕೆ. ಸಿ. ಸೇನ್ ಮತ್ತು ಅವರ ಸಂಗಡಿಗರಿಂದಲೂ 1930 ಮತ್ತು 40ರ ದಶಕಗಳಲ್ಲಿ ಇದು ಬಯಲಾಯಿತು. ಬ್ಯಾಬ್‌ಕಾಕ್‌ನ ಹಳೆಯ ಅನುಮಾನ ಇಲ್ಲಿ ಮತ್ತೆ ನಿಜವಾಯಿತು: ಮೇವಿನ ಪಟ್ಟಿಯಲ್ಲಿ ಇರುವುದೆಲ್ಲ ದನದ ಪಾಲಿಗೆ ಇರುವುದಿಲ್ಲ. ಹುಲ್ಲಿನ ಜೊತೆ ತೌಡು ಕಲಸಿ ಇಡುವ ರೂಢಿ ಇದೆಯಲ್ಲ, ಅದು ಸುಮ್ಮನೆ ಬಂದದ್ದಲ್ಲ. ಹುಲ್ಲಿನಲ್ಲಿ ಇಲ್ಲದ ರಂಜಕ ತೌಡಿನಲ್ಲಿ ಹೇರಳ. ಆದರೆ ತೌಡಿನಲ್ಲಿ ಸುಣ್ಣವಿಲ್ಲ.

ಹಾಗಾದರೆ ಖಾನಾಪುರದ ಆಕಳ ಹಾಲಿನಲ್ಲಿ ಕ್ಯಾಲ್ಸಿಯಂ ಕಮ್ಮಿಯೇ? ಇಲ್ಲ. ಈ ವಿಷಯದ ವಿಚಿತ್ರ ಇರುವುದೇ ಇಲ್ಲಿ. ಆಕಳು ಏನು ತಿಂದರೂ ಅದರ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೇವಿನಲ್ಲಿ ಸಿಗದಿದ್ದರೆ ತನ್ನ ಮೂಳೆ ಕರಗಿಸಿ ಕೊಡುತ್ತದೆ. ಓಹಾಯೋದಲ್ಲಿ ಫೋರ್ಬ್ಸ್ ಎಂಬಾತ 1916ರಿಂದ ಹಾಲುಕೊಡುವ ಆಕಳುಗಳ ಸಗಣಿ, ಗಂಜಲ, ಹಾಲು, ಮೇವು ಎಲ್ಲವನ್ನೂ ತೂಗಿ ನೋಡಿದ. ಹಾಲು ಜೋರಾಗಿರುವ ತಿಂಗಳುಗಳಲ್ಲಿ ಆಕಳು ತಿಂದದ್ದಕ್ಕಿಂತ ಹೆಚ್ಚು ಸುಣ್ಣವನ್ನು ಮೈಯಿಂದ ಹೊರಹಾಕುತ್ತಿತ್ತು. ದಿನಕ್ಕೆ 10 ಲೀಟರು ಹಾಲೆಂದರೆ 12 ಗ್ರಾಂ ಕ್ಯಾಲ್ಸಿಯಂ. ದೊಡ್ಡ ಆಕಳೊಂದರ ರಕ್ತದಲ್ಲಿ ಯಾವ ಕ್ಷಣದಲ್ಲೂ ಇರುವುದು 3 ಗ್ರಾಂ ಆಸುಪಾಸು ಅಷ್ಟೇ. ಕರು ಹಾಕಿದ ಮೊದಲ ದಿನ ಗಿಣ್ಣದ ಹಾಲಿನಲ್ಲಿ ಇನ್ನೂ ಹೆಚ್ಚು ಹರಿದುಹೋಗುತ್ತದೆ. ಮೂಳೆಯಿಂದ ಬರುವುದು ತಡವಾದರೆ ಆಕಳು ಮೈ ತಣ್ಣಗಾಗಿ, ಕತ್ತು ಪಕ್ಕಕ್ಕೆ ಹೊರಳಿಸಿ ಮಲಗಿಬಿಡುತ್ತದೆ. ಇದಕ್ಕೆ ಹಾಲು ಜ್ವರ ಎನ್ನುತ್ತಾರೆ, ಜ್ವರವೇ ಇರುವುದಿಲ್ಲ.

ಗ್ರಾಹಕನಿಗೆ ಇದರಿಂದ ನಷ್ಟವಿಲ್ಲ. ನಷ್ಟ ಆಕಳಿನದು, ಆಮೇಲೆ ಅದನ್ನು ಸಾಕಿದವಳದು: ಬೆದೆಗೆ ಬರುವುದು ತಡ, ಕಟ್ಟುವುದು ತಡ, ಎರಡು ಕರುಗಳ ನಡುವಿನ ಅಂತರ ದೀರ್ಘ. ರಂಜಕ ಕಮ್ಮಿಯಾದ ದನ ಮೂಳೆ, ಕಟ್ಟಿಗೆ, ಹರಕು ಬಟ್ಟೆ ಕಡಿಯುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಆರ್ನಾಲ್ಡ್ ಥೈಲರ್ 1920ರ ಸುಮಾರಿಗೆ ಇದನ್ನೇ ಹಿಂಬಾಲಿಸಿ, ಮೂಳೆಹಿಟ್ಟು ತಿನ್ನಿಸಿದರೆ ಆ ಚಟವೂ ಬಿಡುತ್ತದೆ, ದನವೂ ಚೇತರಿಸುತ್ತದೆ ಎಂದು ತೋರಿಸಿದ. ನಮ್ಮಲ್ಲಿ ಆ ಹೊತ್ತಿಗೆ ಮೂಳೆ ಹಡಗು ಹತ್ತಿ ಯುರೋಪಿನ ಹೊಲಗಳಿಗೆ ಗೊಬ್ಬರವಾಗಲು ಹೋಗುತ್ತಿತ್ತು. ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ಆಯೋಗದ 1928ರ ವರದಿಯಲ್ಲೂ ಈ ರಫ್ತಿನ ಚರ್ಚೆ ಇದೆ. ಸತ್ತ ದನದ ಮೂಳೆ ಬದುಕಿದ ದನಕ್ಕೆ ಬೇಕಿತ್ತು. ಮುಂದೆ ಶುದ್ಧೀಕರಿಸಿದ ಮೂಳೆಹಿಟ್ಟೇ ಬಹುಕಾಲ ಖನಿಜ ಮಿಶ್ರಣದ ಆಧಾರವಾಗಿತ್ತು. ಬ್ರಿಟನ್ನಿನಲ್ಲಿ 1986ರಲ್ಲಿ ಹುಚ್ಚು ಹಸು ರೋಗ ಪತ್ತೆಯಾದ ಮೇಲೆ ಲೋಕಕ್ಕೆಲ್ಲ ಭಯ ಹೊಕ್ಕಿತು. ಈಗಿನ ಚೀಲಗಳಲ್ಲಿ ಇರುವುದು ಕಲ್ಲಿನ ಮೂಲದ ಡೈಕ್ಯಾಲ್ಸಿಯಂ ಫಾಸ್ಫೇಟು.

ಕ್ಯಾಲ್ಸಿಯಂನಂತೆ ಅಯೋಡಿನ್ ಅಲ್ಲ. ಅದಕ್ಕೆ ಆಕಳ ಮೈಯಲ್ಲಿ ಅಂಥ ದೊಡ್ಡ ಕಣಜವಿಲ್ಲ. ಮೇವಿನಲ್ಲಿ ಇದ್ದರೆ ಹಾಲಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಇಲ್ಲ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಗಳಗಂಡ ಊರೂರಲ್ಲಿತ್ತು. ಅಲ್ಲಿ ಉಪ್ಪಿಗೆ ಅಯೋಡಿನ್ ಹಾಕುವ ಕಡ್ಡಾಯ ಬರಲೇ ಇಲ್ಲ. ಆದರೂ ಗಳಗಂಡ ಮಾಯವಾಯಿತು. ದನ ಚೆನ್ನಾಗಿ ಗಬ್ಬ ನಿಲ್ಲಲಿ ಎಂದು 1930ರ ದಶಕದಿಂದ ರೈತರು ಪಶು ಆಹಾರಕ್ಕೆ ಅಯೋಡಿನ್ ಸೇರಿಸತೊಡಗಿದ್ದರು. ಕೆಚ್ಚಲು ತೊಳೆಯುವ ದ್ರಾವಣದಲ್ಲೂ ಅದಿತ್ತು. 1946ರಿಂದ ಶಾಲೆಯಲ್ಲಿ ಮಕ್ಕಳಿಗೆ ಪುಕ್ಕಟೆ ಹಾಲು ಸಿಕ್ಕಿತು. ಯಾರೂ ಯೋಜಿಸದ ಈ ಆರೋಗ್ಯ ಕ್ರಾಂತಿಯನ್ನು ಡೇವಿಡ್ ಫಿಲಿಪ್ಸ್ ಎಂಬ ವೈದ್ಯ ವಿಜ್ಞಾನಿ 1997ರಲ್ಲಿ ಬರೆದಿಟ್ಟ. ದನದ ಗೋದಲಿಯಲ್ಲಿ ಸುರಿದದ್ದು ಮಕ್ಕಳ ಕುತ್ತಿಗೆಯಲ್ಲಿ ಕಾಣಿಸಿತು. ನಮ್ಮಲ್ಲಿ ಆ ಕೆಲಸವನ್ನು ಉಪ್ಪಿಗೆ ಒಪ್ಪಿಸಿದೆವು. 1962ರಲ್ಲೇ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿತ್ತು. ಆದರೂ ಈ ಶತಮಾನದ ಮೊದಲ ದಶಕದಲ್ಲೂ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಸಮೀಕ್ಷೆಯಲ್ಲಿ ಗಳಗಂಡ ಸಿಕ್ಕಿತು.

ಬಿ12ರ ಕತೆ ಇನ್ನೂ ಹತ್ತಿರದ್ದು. ಆ ಜೀವಸತ್ವದ ನಡುವೆ ಕೋಬಾಲ್ಟಿನ ಒಂದು ಪರಮಾಣು ಕೂತಿರುತ್ತದೆ. ಗಿಡಗಳು ಅದನ್ನು ಮಾಡಲಾರವು, ನಾವೂ ಮಾಡಲಾರೆವು, ದನದ ಹೊಟ್ಟೆಯ ಸೂಕ್ಷ್ಮಜೀವಿಗಳು ಮಾಡುತ್ತವೆ, ಮೇವಿನಲ್ಲಿ ಕೋಬಾಲ್ಟ್ ಸಿಕ್ಕರೆ. ಆಸ್ಟ್ರೇಲಿಯಾದಲ್ಲಿ ಹಸಿರು ಹುಲ್ಲಿನ ನಡುವೆಯೇ ಕುರಿ, ದನಗಳು ಸೊರಗಿ ಸಾಯುತ್ತಿದ್ದುದಕ್ಕೆ ಕೋಬಾಲ್ಟಿನ ಕೊರತೆಯೇ ಕಾರಣ ಎಂದು 1935ರಲ್ಲಿ ತಿಳಿಯಿತು. ಬಿ12 ಕೈಗೆ ಸಿಕ್ಕಿದ್ದು 1948ರಲ್ಲಿ. ಮೊಟ್ಟೆ, ಮಾಂಸ ಮುಟ್ಟದ ಮನೆಗಳು ಬೆಳಗಾವಿಯಲ್ಲಿ ಬಹಳ. ಆ ಮನೆಯ ಬಸುರಿಗೆ ಬಿ12 ಬರುವ ಸಹಜ ದಾರಿ ಹಾಲು, ಮೊಸರು, ಮಜ್ಜಿಗೆ ಅಷ್ಟೇ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 1 ಮೈಕ್ರೋಗ್ರಾಂ; ದಿನಕ್ಕೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಹೆಚ್ಚು ಹೊತ್ತು ಕಾಯಿಸಿದರೆ ಅದರಲ್ಲೂ ಒಂದು ಪಾಲು ಹೋಗುತ್ತದೆ. ನಮ್ಮ ಕುಂದಾ ಇದೆಯಲ್ಲ, ಹಾಲನ್ನು ಕಂದು ಬಣ್ಣ ಬರುವವರೆಗೆ ಕಾಯಿಸಿ ಕಾಯಿಸಿ ಮಾಡುವುದು, ಅದರಲ್ಲಿ ಸುಣ್ಣ ರಂಜಕಗಳೆಲ್ಲ ಹಾಗೇ ಉಳಿಯುತ್ತವೆ, ಬಿಸಿ ತಾಳದ ಜೀವಸತ್ವಗಳು ಉಳಿಯುವುದಿಲ್ಲ. ಕುಂದಾ ತಿನ್ನುವಾಗ ಯಾರೂ ಅದನ್ನು ಯೋಚಿಸಬೇಕಾಗಿಲ್ಲ.

ಎ ಜೀವಸತ್ವಕ್ಕೆ ಬೇಕಾದ್ದು ಹಸಿರು. ಹಸಿ ಹುಲ್ಲಿನ ಕ್ಯಾರೋಟೀನನ್ನು ಆಕಳು ಅರ್ಧಮರ್ಧ ಹಾಗೇ ಹಾಲಿಗೆ ಬಿಡುತ್ತದೆ, ಅದಕ್ಕೇ ಆಕಳ ಬೆಣ್ಣೆ ಹಳದಿ. ಎಮ್ಮೆ ಅದನ್ನು ಪೂರ್ತಿ ಎ ಜೀವಸತ್ವವಾಗಿ ಮಾರ್ಪಡಿಸಿ ಕೊಡುತ್ತದೆ, ಬೆಣ್ಣೆ ಬಿಳಿ. ಹುಲ್ಲು ಬಿಸಿಲಲ್ಲಿ ಒಣಗಿ ಬಣವೆ ಸೇರಿದಾಗ ಕ್ಯಾರೋಟೀನು ಬಹುಪಾಲು ಹೋಗಿರುತ್ತದೆ. ಹಾಗಾಗಿ ಏಪ್ರಿಲ್-ಮೇ ತಿಂಗಳ ಹಾಲು ಬೇರೆ, ಆಗಸ್ಟಿನದು ಬೇರೆ. ಆಕಳ ಬೆಣ್ಣೆಯಲ್ಲಾದರೆ ಕಣ್ಣಿಗೆ ತಿಳಿಯುತ್ತದೆ, ಎಮ್ಮೆಯದರಲ್ಲಿ ತಿಳಿಯುವುದೇ ಇಲ್ಲ. ಕೂನೂರಿನ ಪೋಷಣ ಸಂಶೋಧನಾಲಯದಿಂದ ಆಯ್‌ಕ್ರಾಯ್ಡ್ 1937ರಲ್ಲಿ ಹೊರತಂದ ಭಾರತೀಯ ಆಹಾರಗಳ ಪೌಷ್ಟಿಕತೆಯ ಪಟ್ಟಿ ನಮ್ಮ ಪಠ್ಯಗಳಿಗೆಲ್ಲ ತಾಯಿ. ಆಕಳ ಹಾಲಿಗೆ ಒಂದು ಸಾಲು, ಎಮ್ಮೆಯ ಹಾಲಿಗೆ ಒಂದು ಸಾಲು. ಯಾವ ತಿಂಗಳ, ಯಾವ ಮಣ್ಣಿನ, ಯಾವ ಮೇವಿನ ಹಾಲು ಎಂಬುದಕ್ಕೆ ಅಂಥ ಪಟ್ಟಿಯಲ್ಲಿ ಜಾಗವಿರಲು ಸಾಧ್ಯವೂ ಇರಲಿಲ್ಲ. ತುಪ್ಪದ ಕೋಷ್ಟಕ ಈ ವಿಷಯದಲ್ಲಿ ಹೆಚ್ಚು ಜಾಣ.

ಖಾನಾಪುರದ ಕಾಡಿನಲ್ಲಿ ಹುಲ್ಲಿನ ಬಣವೆಯನ್ನೇ ನಂಬಿ ಕೂರದವರು ಗೌಳಿಗಳು. ಭೀಮಗಡದ ಕಾಡಿನ ಒಳಗೆ ಗವಾಳಿ ಎಂಬ ಹೆಸರಿನ ಊರೇ ಇದೆ. ಧನಗರ ಗೌಳಿಗಳ ಬದುಕಿನ ಕುರಿತು ಮಾಧವ ಗಾಡ್ಗೀಳ್ ಮತ್ತು ಕೈಲಾಶ ಮಲ್ಹೋತ್ರಾ 1982ರಲ್ಲಿ ದೊಡ್ಡ ಅಧ್ಯಯನವೊಂದನ್ನು ಪ್ರಕಟಿಸಿದರು. ಸಹ್ಯಾದ್ರಿಯ ನೆತ್ತಿಯ ಮೇಲೆ ಎಮ್ಮೆ ಸಾಕಿ, ಬೆಣ್ಣೆ ಮಾರಿ ಬದುಕಿದ ಜನ ಕಾಡು ಸವೆದಂತೆ, ಕಾಯ್ದೆ ಬಿಗಿಯಾದಂತೆ ಬೇರೆ ಬೇರೆ ಕಸುಬಿಗೆ ಚದುರಿದ್ದು ಅಲ್ಲಿದೆ. ಅವರ ಎಮ್ಮೆ ಮೇಯುತ್ತಿದ್ದುದು ಗದ್ದೆಯ ಹುಲ್ಲಷ್ಟೇ ಅಲ್ಲ, ಮರದ ಸೊಪ್ಪು ಕೂಡ. ಮರದ ಬೇರು ಮಳೆ ತೊಳೆದ ಪದರದ ಕೆಳಗೆ ಇಳಿದು ಖನಿಜ ಎತ್ತಿ ತರುತ್ತದೆ; ಸೊಪ್ಪಿನಲ್ಲಿ ಸುಣ್ಣಾಂಶ ಹುಲ್ಲಿಗಿಂತ ಎಷ್ಟೋ ಪಟ್ಟು. ಬಡ ಮಣ್ಣಿನ ಸೀಮೆಯಲ್ಲಿ ಖನಿಜ ಮಿಶ್ರಣದ ಕೆಲಸವನ್ನು ಕಾಡು ಮಾಡುತ್ತಿತ್ತು ಎನ್ನಬಹುದು. ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ಕಾಡಿಗೆ ಅದು ಒಳ್ಳೆಯದೇ, ನಾನೇನೂ ಅದರ ವಿರುದ್ಧ ಮಾತಾಡುತ್ತಿಲ್ಲ. ಆದರೆ ಕಾಡಿನಿಂದ ಕೊಟ್ಟಿಗೆಗೆ ಬಂದ ಎಮ್ಮೆಗೆ ಸೊಪ್ಪಿನ ಬದಲು ಏನು ಸಿಗುತ್ತದೆ ಎಂಬ ಪ್ರಶ್ನೆ ಯಾವ ಇಲಾಖೆಯ ಕಡತದಲ್ಲೂ ಇರುವಂಥದಲ್ಲ.

ಬೆಳಗಾವಿ ನಗರದ ಗೌಳಿಗಳ ಎಮ್ಮೆಗೆ ಸಿಗುವುದು ಹಿಂಡಿ, ಬೂಸಾ, ಹತ್ತಿಕಾಳು, ಕಬ್ಬಿನ ಹಸಿ ಸೋಗೆ. ಕೊಬ್ಬು ಚೆನ್ನಾಗಿ ಬರುತ್ತದೆ, ಖವಾ ಗಟ್ಟಿಯಾಗುತ್ತದೆ, ಮಿಠಾಯಿಯವರಿಗೆ ಅದೇ ಬೇಕು. ಪ್ಯಾಕೆಟ್ಟಿನ ಹಾಲಿನದು ಇನ್ನೊಂದು ದಾರಿ. ಬೆಳಗಾವಿ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, 1946ರಲ್ಲಿ, ಮುಂಬಯಿಯ ದಾರಾ ಖುರೋಡಿ ಎಮ್ಮೆಯ ಗಟ್ಟಿ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರು ಸೇರಿಸಿ ಹೆಚ್ಚು ಜನಕ್ಕೆ ಅಗ್ಗದಲ್ಲಿ ಹಂಚುವ ಉಪಾಯ ಕಂಡುಕೊಂಡರು. ಟೋನ್ಡ್ ಹಾಲು ಎಂದರೆ ಅದು. ಬಡವರ ಮನೆಗೆ ಹಾಲು ಮುಟ್ಟಿಸಿದ ದೊಡ್ಡ ಕೆಲಸ. ಆದರೆ ಕೊಬ್ಬು ಶೇಕಡಾ 3ಕ್ಕೆ ಇಳಿದಾಗ ಕೊಬ್ಬಿನಲ್ಲಿ ಕರಗಿದ್ದ ಎ ಜೀವಸತ್ವವೂ ಇಳಿಯುತ್ತದೆ. ಈಗ ಹಾಲಿಗೆ ಎ ಮತ್ತು ಡಿ ಬೆರೆಸಲು 2018ರಲ್ಲಿ ಪ್ರಮಾಣ ನಿಗದಿಯಾಗಿದೆ. ಹುಲ್ಲಿನಿಂದ ಬರಬೇಕಾದದ್ದು ಕಾರ್ಖಾನೆಯ ಡಬ್ಬಿಯಿಂದ, ಕೊನೆಯ ಹಂತದಲ್ಲಿ ಬಂದು ಸೇರುತ್ತದೆ. ಅದು ತಪ್ಪಲ್ಲ. ಆದರೆ ಆ ದಾರಿಯಲ್ಲಿ ಹಸಿರು ಬೆಳೆದ ರೈತನಿಗೆ ಏನೂ ಸಿಗುವುದಿಲ್ಲ.

ಸಿಗುವುದು ಫ್ಯಾಟಿಗೆ, ಎಸ್‌ಎನ್‌ಎಫ್‌ಗೆ. ಅಂದರೆ ಕೊಬ್ಬು, ಮತ್ತೆ ಕೊಬ್ಬು ಬಿಟ್ಟು ಉಳಿದ ಘನಾಂಶ. ವಿಶ್ವಬ್ಯಾಂಕಿನ ನೆರವಿನಲ್ಲಿ 1974ರಲ್ಲಿ ಕರ್ನಾಟಕದ ಹೈನು ಅಭಿವೃದ್ಧಿ ಯೋಜನೆ ಶುರುವಾದ ಮೇಲೆ, ಕೆಎಂಎಫ್ ಬಂದ ಮೇಲೆ, ಬೆಳಗಾವಿ ಹಾಲು ಒಕ್ಕೂಟದ ಸಂಘಗಳು ಹಳ್ಳಿಗೆ ಇಳಿದ ಮೇಲೆ ಈ ಎರಡು ಅಂಕಿಗಳು ಖಾನಾಪುರದ ಅಂಗಳಕ್ಕೂ ಬಂದವು. ಗೌಳಿ ಹೇಳಿದ್ದೇ ದರ ಎಂಬ ಕಾಲವನ್ನು ಅವು ಮುಗಿಸಿದವು, ನೀರು ಬೆರಸುವ ಚಾಳಿಗೆ ಕಡಿವಾಣ ಹಾಕಿದವು, ಹೆಣ್ಣುಮಕ್ಕಳ ಕೈಗೆ ನೇರ ದುಡ್ಡು ಕೊಟ್ಟವು. ಧಾರವಾಡದಲ್ಲಿ ಪಶು ಆಹಾರದ ಕಾರ್ಖಾನೆ ಬಂತು, ಖನಿಜ ಮಿಶ್ರಣದ ಪೊಟ್ಟಣ ಬಂತು. ಅದೇ ಧಾರವಾಡದ ಮೇವು ಸಂಶೋಧನಾ ಕೇಂದ್ರದಿಂದ 'ಸಂಪೂರ್ಣ' ಎಂಬ ನೇಪಿಯರ್ ಹುಲ್ಲಿನ ತಳಿ ಬಂತು. ಆಡುಗೋಡಿಯ ಹಳೆಯ ಡೇರಿಯ ನೆರೆಯಲ್ಲೇ 1995ರಲ್ಲಿ ಹುಟ್ಟಿದ ಪಶು ಪೋಷಣಾ ಸಂಸ್ಥೆ ಆಯಾ ಸೀಮೆಯ ಮಣ್ಣು, ಮೇವು ನೋಡಿ ಆಯಾ ಸೀಮೆಗೇ ಬೇಕಾದ ಖನಿಜ ಮಿಶ್ರಣ ಕೊಡಬೇಕೆಂದು ಕೆಲಸ ಮಾಡಿತು. ಎಲ್ಲ ಕಡೆಗೂ ಒಂದೇ ಚೀಲ ಸಲ್ಲದು ಎಂಬುದು ಅದರ ತಿರುಳು. ಅಥಣಿಯ ಆಕಳಿಗೂ ಕಣಕುಂಬಿಯ ಆಕಳಿಗೂ ಒಂದೇ ಮಿಶ್ರಣ ಹಾಕುವುದು ಇಬ್ಬರಿಗೂ ಒಂದೇ ಅಳತೆಯ ಚಪ್ಪಲಿ ಕೊಟ್ಟಂತೆ.

ಆದರೂ ಮಿಶ್ರಣದ ಪೊಟ್ಟಣ ಅನೇಕ ಕೊಟ್ಟಿಗೆಗಳ ಮಾಡದಲ್ಲಿ ಹಾಗೇ ಕೂತಿರುತ್ತದೆ. ರೈತರಿಗೆ ತಿಳಿವಳಿಕೆ ಇಲ್ಲ ಎಂದು ಇಲಾಖೆಯವರು ಹೇಳುವುದುಂಟು. ನನಗೆ ಹಾಗೆನಿಸುವುದಿಲ್ಲ, ಅವರ ಲೆಕ್ಕ ಸರಿಯಾಗಿಯೇ ಇದೆ. ಒಂದು ಕಿಲೋ ಹಿಂಡಿ ಹೆಚ್ಚು ಹಾಕಿದರೆ ಎರಡು-ಮೂರು ದಿನದಲ್ಲಿ ಹಾಲು ಏರಿದ್ದು ಕಾಣುತ್ತದೆ. ದಿನಕ್ಕೆ 50 ಗ್ರಾಂ ಮಿಶ್ರಣ ಹಾಕಿದರೆ ಚೀಟಿಯಲ್ಲಿ ಏನೂ ಬದಲಾಗುವುದಿಲ್ಲ. ಅದರ ಫಲ ಕಾಣುವುದು ಮುಂದಿನ ಸಲ ಆಕಳು ಬೇಗ ಗಬ್ಬ ಕಟ್ಟಿದಾಗ, ಇಲ್ಲವೇ ಯಾವುದೋ ಊರಿನ ಯಾವುದೋ ಮಗುವಿನ ರಕ್ತದಲ್ಲಿ. ಮೊದಲನೆಯದು ತಡ, ಎರಡನೆಯದು ಅವರದಲ್ಲ. ಇನ್ನೂ ಒಂದು ತಮಾಷೆ ಇದೆ. ಮಳೆಗಾಲದಲ್ಲಿ ಎಳೆ ಹಸಿರು ಹುಲ್ಲು ಸಿಕ್ಕಾಗ ಹಾಲಿನ ಕ್ಯಾರೋಟೀನು ಏರುತ್ತದೆ. ಅದೇ ಎಳೆ ಹುಲ್ಲಿನಲ್ಲಿ ನಾರು ಕಮ್ಮಿ, ನಾರು ಕಮ್ಮಿಯಾದರೆ ಫ್ಯಾಟಿನ ಅಂಕಿ ಇಳಿಯುತ್ತದೆ. ಹಾಲು ಒಂದು ಲೆಕ್ಕದಲ್ಲಿ ಶ್ರೀಮಂತವಾದ ತಿಂಗಳಲ್ಲೇ ಚೀಟಿಯ ದರ ತಗ್ಗುತ್ತದೆ. ಬ್ರಿಟನ್ನಿನಲ್ಲಿ ಅಯೋಡಿನ್ ವಿಷಯದಲ್ಲಿ ಇದರ ತಿರುವುಮುರುವು: ಹೊರಗೆ ಮೇಯುವ ಬೇಸಿಗೆಯ ಹಾಲಿನಲ್ಲಿ ಕಮ್ಮಿ, ಕೊಟ್ಟಿಗೆಯಲ್ಲಿ ಕಟ್ಟಿ ಮಿಶ್ರಣ ತಿನ್ನಿಸುವ ಚಳಿಗಾಲದ ಹಾಲಿನಲ್ಲಿ ಹೆಚ್ಚು.

ಸೇನೆಯ ಡೇರಿಗಳನ್ನು ಮುಚ್ಚುವ ನಿರ್ಧಾರ 2017ರಲ್ಲಾಯಿತು, 2021ರ ಮಾರ್ಚಿಗೆ ಎಲ್ಲವೂ ಮುಗಿದವು. ಮೇವನ್ನು ದಿನವೂ ತೂಗಿ ಬರೆಯುವ ಪುಸ್ತಕಗಳ ಒಂದು ಪರಂಪರೆ ಅಲ್ಲಿಗೆ ನಿಂತಿತು. ರಾಜ್ಯದ ಶಾಲೆಗಳಲ್ಲಿ 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ ನಡೆದಿದೆ: ಹಾಲಿನ ಪುಡಿ ಬಿಸಿನೀರಿಗೆ ಕಲಸಿ ಮಗುವಿಗೆ 150 ಮಿಲಿಲೀಟರು. ಖಾನಾಪುರದ ಕಾಡಂಚಿನ ಶಾಲೆಯಲ್ಲೂ ಅದೇ ಪುಡಿ, ಅಥಣಿಯಲ್ಲೂ ಅದೇ. ಪುಡಿಯಾಗುವ ಹೊತ್ತಿಗೆ ಯಾವ ಆಕಳು ಸೊಪ್ಪು ತಿಂದಿತ್ತು, ಯಾವುದು ಬರೀ ಭತ್ತದ ಹುಲ್ಲು ತಿಂದು ತನ್ನ ಮೂಳೆ ಕೊಟ್ಟಿತ್ತು ಎಂಬುದೆಲ್ಲ ಒಂದರಲ್ಲೊಂದು ಬೆರೆತುಹೋಗಿರುತ್ತದೆ. ಹಳ್ಳಿಯ ಸಂಘದಲ್ಲಿ ಯಂತ್ರ ಮುದ್ರಿಸಿ ಕೊಡುವ ಚೀಟಿಯಲ್ಲಿ ಲೀಟರು, ಫ್ಯಾಟು, ಎಸ್‌ಎನ್‌ಎಫ್, ದರ, ಮೊತ್ತ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೆಂಗಸರು ಹಿಂಡಿಯ ಅಂಗಡಿಯ ಕಡೆ ನಡೆಯುತ್ತಾರೆ.